ರಿವಾಲ್ವರ್ ಬ್ಯಾರೆಲ್ ಉಜ್ಜಿದ್ದು ಯಾರು

ಒಂದ್ನಿಮಿಷ ತಾಳಿ. ಬ್ಯಾರೆಲ್ ಒಳಗಡೆ ನುಣುಪು ಮಾಡೋದು ಹೇಗೆ ಅಂತ ತಿಳ್ಕೊಳ್ಳೋಕೆ ಓದ್ತಿದ್ರೆ ಅದೆಲ್ಲಾ ಹೇಳ್ತೀನಿ, ಸೀಸ ಕಾಯ್ಸೋದ್ರಿಂದ ಹಿಡಿದು. ಆದ್ರೆ ಅಷ್ಟು ಸಿಕ್ತಲ್ಲ ಅಂತ ಅರ್ಧಕ್ಕೇ ಮಡಚಿ ಇಡ್ಬೇಡಿ. ಬ್ಯಾರೆಲ್ ಸರಿಹೋದ್ಮೇಲೆ ಏನಾಯ್ತು ಅನ್ನೋದೇ ನಾನು ಹೇಳ್ಬೇಕಾಗಿರೋದು. ಅದಕ್ಕೆ ಕಾಯ್ಲೇಬೇಕು.

ನಮ್ಮ ಶೂಟಿಂಗ್ ಕ್ಲಬ್ ಇರೋದು ಪುಟ್ಟೇನಹಳ್ಳಿ ಕೆರೆ ದಾಟಿ ಇನ್ನೂ ಒಳಗೆ. ಒಂದು ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಗುರಿ ಹಲಗೆ, ಈ ಕಡೆ ಗನ್ ಇಡೋ ಶೀಟಿನ ರೂಮು. ರೂಮಿಗೆ ಆರ್ಮರಿ ಅಂತ ಹೆಸರು. ನಾನು ಬನಶಂಕರಿಯಿಂದ ಸೈಕಲ್ ತುಳ್ಕೊಂಡು ಹೋಗ್ತೀನಿ. ಸ್ವಂತ ಲೈಸೆನ್ಸ್ ಇಲ್ಲ. ಬಿಎಸ್ಸಿ ಮುಗ್ಸಿ ಮನೇಲಿ ರೇಡಿಯೋ ಬಿಚ್ಕೊಂಡು ಕೂತಿರೋ ಹುಡ್ಗನಿಗೆ ರಿವಾಲ್ವರ್ ಲೈಸೆನ್ಸ್ ಯಾರು ಕೊಡ್ತಾರೆ ಹೇಳಿ. ಕ್ಲಬ್ಬಿನ ಗನ್ನೇ ಗತಿ.

ಕ್ಲಬ್ಬಲ್ಲಿ ಎರಡು ರಿವಾಲ್ವರ್ ಇದ್ವು. ಒಂದು ಚೆನ್ನಾಗಿತ್ತು, ಅದನ್ನ ಸೀನಿಯರ್‌ಗಳು ಸರದಿ ಮೇಲೆ ಹೊಡೀತಿದ್ರು. ನಮ್ಮ ಸರದಿ ಬರೋ ಹೊತ್ಗೆ ಬೆಳಕೇ ಇರ್ತಿರ್ಲಿಲ್ಲ. ಇನ್ನೊಂದಕ್ಕೆ ‘ಕುಂಟ’ ಅಂತ ಹೆಸ್ರು. ಕ್ಲಬ್ಬಿನ ಅತೀ ಹಳೇ ಗನ್ ಅದು. ಕುಂಟನ್ನ ಯಾರೂ ಮುಟ್ತಿರ್ಲಿಲ್ಲ. ನಮಗೆ ಸಿಗ್ತಿದ್ದಿದ್ದು ಬರೀ ಸೀಸದ ಗುಂಡು, ಆ ಬ್ಯಾರೆಲ್‌ಗೆ ಸೀಸ ಕಂಡ್ರೆ ಆಗ್ತಿರ್ಲಿಲ್ಲ. ಮೊದಲ ಒಂದೆರಡು ಗುಂಡು ಹೇಗೋ ಗುರಿ ಹಲಗೆಗೆ ಅಂಟಿಸಿರೋ ಕಾರ್ಡಿನೊಳಗೆ ಬೀಳೋದು. ಆಮೇಲೆ ಒಳಗೆ ಸೀಸ ಅಂಟ್ಕೊಂಡು ಒಂದು ಆಕಾಶಕ್ಕೆ, ಒಂದು ಕೆರೆಗೆ.

ಜಿಲ್ಲಾ ತಂಡದ ಟ್ರಯಲ್ ಬರ್ತಿತ್ತು. ನಾನು ಸೆಕ್ರೆಟರಿ ಹತ್ರ ಹೋಗಿ, ಸಾರ್, ಕುಂಟನ್ನ ಸರಿ ಮಾಡ್ಲಾ ಅಂತ ಕೇಳ್ದೆ. ಸೆಕ್ರೆಟರಿ ರಿಟೈರ್ಡ್ ಮಿಲಿಟರಿ ಮನುಷ್ಯ, ಮಾತು ಕಮ್ಮಿ. ಕೀಪರ್ ಪಕ್ಕದಲ್ಲಿದ್ರೆ ಮಾಡು, ಗನ್ ರೂಮಿಂದ ಆಚೆ ಹೋಗ್ಕೂಡ್ದು ಅಂದ್ರು. ಸರಿಹೋದ್ರೆ ಟ್ರಯಲ್‌ಗೆ ಕುಂಟ ನಿಂಗೇ ಅಂತಾನೂ ಅಂದ್ರು. ಅಷ್ಟು ಸಾಕಿತ್ತು ನಂಗೆ. ಬೇರೆ ಯಾವ ದಾರೀಲೂ ಟ್ರಯಲ್‌ನಲ್ಲಿ ನನ್ನ ಕೈಗೊಂದು ರಿವಾಲ್ವರ್ ಬರೋ ಹಾಗಿರ್ಲಿಲ್ಲ.

ಕೀಪರ್ ಅಂದ್ರೆ ಆರ್ಮರಿ ಬೀಗದ ಕೈ ಇಟ್ಕೊಂಡಿರೋರು. ಪುಟ್ಟೇನಹಳ್ಳಿ ಹಳೇ ಊರಿನವರು, ಐವತ್ತು ದಾಟಿದೆ, ನಾವೆಲ್ಲ ಕೀಪರಣ್ಣ ಅಂತೀವಿ. ಬೀಗದ ಕೈನ ಉಡಿದಾರಕ್ಕೆ ಕಟ್ಕೊಂಡಿರ್ತಾರೆ. ಬಾಯ್ತುಂಬ ಮಾತು. ನಾನು ಕೆಲಸ ಶುರು ಮಾಡಿದಾಗಿಂದ ಸ್ಟೂಲ್ ಎಳ್ಕೊಂಡು ಪಕ್ಕದಲ್ಲೇ ಕೂರೋರು. ಮಧ್ಯಾಹ್ನ ಮನೆಯಿಂದ ಮುದ್ದೆ ಬಸ್ಸಾರು ಬಂದ್ರೆ ಅರ್ಧ ನಂಗೆ. ತಿನ್ನಪ್ಪಾ, ಸೀಸದ ಹೊಗೆ ಕುಡಿದು ಹೊಟ್ಟೆ ತುಂಬಲ್ಲ ಅನ್ನೋರು.

ನನಗೆ ಹೇಳ್ಕೊಡೋರು ಯಾರೂ ಇರ್ಲಿಲ್ಲ. ಅವೆನ್ಯೂ ರೋಡ್ ಫುಟ್‌ಪಾತ್‌ನಲ್ಲಿ ಫಾರಿನ್‌ನ ಹಳೇ ಬಂದೂಕು ಪತ್ರಿಕೆಗಳು ಸಿಗ್ತವೆ, ಅವನ್ನ ಡಿಕ್ಷನರಿ ಇಟ್ಕೊಂಡು ಓದಿದ್ದೆ. ಕೆಲವಕ್ಕೆ ಬೇಕಾಗಿರೋ ಪುಟವೇ ಇರಲ್ಲ. ಇಲ್ಲದ ಪುಟಕ್ಕೆ ನನ್ನ ತಲೆ.

ಮೊದಲು ಅಂಟಿರೋ ಸೀಸ ತೆಗೀಬೇಕಿತ್ತು. ಸೀಮೆಎಣ್ಣೇಲಿ ನೆನೆಸಿ, ಹಿತ್ತಾಳೆ ಬ್ರಷ್ ಹಾಕಿ ಎಳ್ದೆ. ಬೆಳ್ಳಿ ತಗಡಿನ ಚೂರಿನ ಹಾಗೆ ಉದುರ್ತು. ಆಮೇಲೆ ಬ್ಯಾರೆಲ್ ಒಳಗೆ ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ನೋಡ್ಬೇಕು. ಅದಕ್ಕೆ ಮೆತ್ತನೆ ಸೀಸದ ಉಂಡೆ ಒಂದನ್ನ ಎಣ್ಣೆ ಸವರಿ, ಗುಂಡು ಆಚೆ ಬರೋ ಬಾಯಿ ಕಡೆಯಿಂದ ಹಿತ್ತಾಳೆ ಕಡ್ಡೀಲಿ ಮೆಲ್ಲಗೆ ತಳ್ದೆ. ಉದ್ದಕ್ಕೂ ಒಂದೇ ಸಮ ಹೋಯ್ತು. ಬುಡದಲ್ಲಿ, ಬ್ಯಾರೆಲ್‌ನ ರಿವಾಲ್ವರ್ ಮೈಗೆ ತಿರುಪು ಹಾಕಿ ಕೂರ್ಸಿರ್ತಾರಲ್ಲ, ಅಲ್ಲಿ ಗಕ್ಕನೆ ನಿಂತ್ಕೊಳ್ತು. ತಿರುಪು ಬಿಗಿ ಮಾಡಿದಾಗ ಅಲ್ಲಿ ಬ್ಯಾರೆಲ್ ಒಳಕ್ಕೆ ಅಮುಕಿಕೊಂಡಿದೆ. ಗುಂಡು ಹೊರಡೋದೇ ಆ ಕಡೆಯಿಂದ. ಹೊರಟ ತಕ್ಷಣ ಅಲ್ಲಿ ಹಿಂಡಿಸ್ಕೊಂಡು ಸಣ್ಣಗಾಗತ್ತೆ, ಮುಂದೆ ಬ್ಯಾರೆಲ್ ಅಗಲ. ಕಾಯಿಲೆ ಬಿದ್ದು ಎದ್ದೋನು ಹಳೇ ಪ್ಯಾಂಟ್ ಹಾಕ್ಕೊಂಡ ಹಾಗೆ ಲೊಳಲೊಳ ಅಂತ ಆಚೆ ಬರತ್ತೆ, ಬರ್ತಾ ದಾರಿಯುದ್ದಕ್ಕೂ ಸೀಸ ಬಳ್ಕೊಂಡು ಬರತ್ತೆ.

ಹಾಗಾಗಿ ಆ ಬಿಗೀನ ಉಜ್ಜಿ ಉಜ್ಜಿ ಬಿಡಿಸ್ಬೇಕು. ಬ್ಯಾರೆಲ್ ಒಳಗೆ ಸುತ್ಕೊಂಡು ಹೋಗೋ ತಿರುಪು ಗೆರೆಗಳಿರ್ತವಲ್ಲ, ಗುಂಡನ್ನ ಬುಗುರಿ ಹಾಗೆ ತಿರುಗ್ಸೋವು, ಅವು ಕೆಡ್ಕೂಡ್ದು. ಅದಕ್ಕೇ ಮರಳು ಕಾಗದ ಗಿಗದ ನಡೆಯಲ್ಲ. ಅದೇ ಬ್ಯಾರೆಲ್ಲಿನ ಅಚ್ಚಲ್ಲೇ ಸೀಸದ ಗಟ್ಟಿ ಎರಕ ಹೊಯ್ದು, ಅದಕ್ಕೆ ಉಜ್ಜೋ ಪೇಸ್ಟ್ ಸವರಿ, ಹಿಂದಕ್ಕೆ ಮುಂದಕ್ಕೆ ಆಡಿಸ್ಬೇಕು.

ಗುಂಡು ತುಂಬೋ ಸಿಲಿಂಡರ್ ಬಿಚ್ಚಿಟ್ವಿ. ಬ್ಯಾರೆಲ್ ಬಾಯಿ ಕೆಳಗೆ ಮಾಡಿ, ಬಟ್ಟೆ ಸುತ್ತಿ, ಬಿಗಿ ಹಿಡಿಯೋ ವೈಸ್‌ಗೆ ಕಚ್ಚಿಸ್ದೆ. ಕೆಳಗಿಂದ ಉಕ್ಕಿನ ಕಡ್ಡಿ ಮೇಲಕ್ಕೆ ಕಳಿಸ್ದೆ. ಕಡ್ಡಿ ತುದೀಲಿ ಸೀಸ ಹಿಡ್ಕೊಳ್ಳಲಿ ಅಂತ ಅರದಲ್ಲಿ ಕಚ್ಚು ಮಾಡಿದ್ದೆ, ಸ್ವಲ್ಪ ಕೆಳಗೆ ಸೀಸ ಸೋರದ ಹಾಗೆ ಹತ್ತಿ ದಾರ ಸುತ್ತಿದ್ದೆ. ಬ್ಯಾರೆಲ್ ಒಳಗೆ ತೆಳ್ಳಗೆ ಎಣ್ಣೆ ಸವರಿ, ಹೊರಗಿಂದ ಸ್ವಲ್ಪ ಬಿಸಿ ಮಾಡಿ, ಬುಡದ ಕಡೆಯಿಂದ ಸಣ್ಣ ಸೌಟಲ್ಲಿ ಕರಗಿದ ಸೀಸ ಹೊಯ್ದೆ. ಆರಿದ್ಮೇಲೆ ತಳ್ಳಿ ನೋಡಿದ್ರೆ, ಆಹಾ, ಗೆರೆ ಗೆರೆಯಾಗಿ ಎಂಥಾ ಅಚ್ಚು ಅಂತೀರಿ. ಕೀಪರಣ್ಣ ಕನ್ನಡಕ ಮೇಲೆ ಮಾಡಿ ನೋಡಿ, ನಮ್ಮ ಮನೆಯೋಳ ಚಕ್ಕುಲೀನೂ ಇಷ್ಟು ಚೆನ್ನಾಗಿ ಬರಲ್ಲ ಅಂದ್ರು.

ಇಂಜಿನ್ ವಾಲ್ವ್ ಉಜ್ಜೋಕೆ ಗ್ಯಾರೇಜ್‌ನಲ್ಲಿ ಬಳಸೋ ಪೇಸ್ಟ್ ಬರತ್ತೆ, ಅದರಲ್ಲಿ ಅತೀ ನುಣುಪಾಗಿರೋದನ್ನ ಎಣ್ಣೇಲಿ ಕಲ್ಸಿ ಸವರ್ದೆ. ಉಜ್ಜೋಕೆ ಶುರು ಮಾಡ್ದೆ. ಮಾರನೇ ದಿನ ಬೆಳಕಿಗೆ ಹಿಡಿದು ನೋಡಿದ್ರೆ ಗೆರೆಗಳ ಅಂಚಿಗೆ ಅಡ್ಡಡ್ಡ ಗೀರು. ಕಡ್ಡಿಗೆ ನಾನು ಹಾಕಿದ್ದ ಹಿಡಿ ಬಿಗಿಯಾಗಿತ್ತು. ಗೆರೆ ಕಡ್ಡೀನ ತಿರುಗ್ಸೋಕೆ ನೋಡತ್ತೆ, ನನ್ನ ಮುಷ್ಟಿ ಬಿಡ್ತಾ ಇಲ್ಲ. ಎರಡರ ಜಗಳದಲ್ಲಿ ಬ್ಯಾರೆಲ್ ಗೀರಿಸ್ಕೊಂಡಿತ್ತು.

ಆವತ್ತು ಬಿಟ್ಬಿಡೋಣ ಅನ್ನಿಸ್ತು. ಸೈಕಲ್ ತಳ್ಕೊಂಡು ಮನೆಗೆ ಬರ್ತಾ ಪೆಡಲ್ ಕಾಲಿಗೆ ಬಡೀತು. ನಿಂತ್ಕೊಂಡು ನೋಡ್ದೆ. ಪೆಡಲ್ ಒಳಗೆ ಬಾಲ್ ಬೇರಿಂಗ್ ಇದೆಯಲ್ಲ, ಅದು ಕೂತಲ್ಲೇ ಸರಾಗ ತಿರುಗತ್ತೆ. ಗುಜರಿಯಿಂದ ಒಂದು ಹಳೇ ಪೆಡಲ್ ತಂದು ಕಡ್ಡಿ ತುದಿಗೆ ಕೂರ್ಸಿ ಅದನ್ನೇ ಹಿಡಿ ಮಾಡ್ದೆ. ಈಗ ನಾನು ಎಳೆದ ಹಾಗೆ ಕಡ್ಡಿ ಗೆರೆ ಹಿಡ್ಕೊಂಡು ತಂತಾನೇ ತಿರುಗ್ತಿತ್ತು.

“ಏನ್ ಗುರು, ರಿವಾಲ್ವರ್‌ಗೆ ಪೆಡಲ್ ಹಾಕಿ ಮೈಸೂರಿಗೆ ಹೊರಟ್ಯಾ?” ಅಂದ್ರು ಕೀಪರಣ್ಣ.

ನಿಮ್ಮನ್ನೂ ಕ್ಯಾರಿಯರ್ ಮೇಲೆ ಕೂರಿಸ್ಕೋತೀನಿ ಬನ್ನಿ ಅಂದೆ.

ಎರಕ ಸವೆದ ಹಾಗೆ ಹೊಸದು ಹೊಯ್ದು, ಬಿಗಿ ಇದ್ದ ಕಡೆ ಜಾಸ್ತಿ, ಉಳಿದ ಕಡೆ ಸುಮ್ನೆ ಹೋಗಿ ಬರೋ ಹಾಗೆ ಉಜ್ಜಿದ್ವಿ. ಉಜ್ಜಿದ್ವಿ ಅಂತ ಬೇಕಂತ್ಲೇ ಬರೀತಿದ್ದೀನಿ. ನನ್ನ ಭುಜ ನೋವು ಬಂದಾಗ ಅವ್ರೂ ಎಳ್ದಿದ್ದಾರೆ. ಬ್ಯಾರೆಲ್ ಬಾಯಿ ಸವೀಬಾರ್ದು ಅಂತ ಕಡ್ಡಿಗೆ ಬಳೆ ಥರದ ಒಂದು ಹಿತ್ತಾಳೆ ಬುಶ್ ಹಾಕಿದ್ದೆ, ಅದನ್ನ ಅಲ್ಲಾಡದ ಹಾಗೆ ಹಿಡ್ಕೊಂಡಿದ್ದೂ ಅವ್ರೇ. ಕೊನೇಲಿ ಹಿತ್ತಾಳೆ ಪಾತ್ರೆ ಹೊಳಪು ಮಾಡೋ ಪಾಲಿಶ್ ಹಾಕಿ ಮುಗಿಸ್ದೆ. ಸೀಸದ ಉಂಡೆ ಮತ್ತೆ ತಳ್ದಾಗ ಬುಡದವರೆಗೂ ಒಂದೇ ಬಿಗೀಲಿ ಹೋಯ್ತು.

ಹೊಡೆದು ನೋಡಿದ್ವಿ. ಸೀಸ ಅಂಟೋದು ನಿಂತ್ಹೋಗಿತ್ತು. ಆದ್ರೆ ಗುಂಡುಗಳು ಒಂದು ಕಡೆ ಬೀಳ್ತಿರ್ಲಿಲ್ಲ. ಮೊದಲಿನ ಹಾಗೆ ಕೆರೆಗೆ ಹೋಗ್ತಿರ್ಲಿಲ್ಲ, ಕಾರ್ಡಲ್ಲೇ ಇರೋವು, ಆದ್ರೆ ಚೆಲ್ಲಾಪಿಲ್ಲಿ. ಇಷ್ಟು ಉಜ್ಜಿ ಇಷ್ಟೇನಾ ಅಂತ ಅಳು ಬರೋ ಹಾಗಾಯ್ತು.

ತಿರುಗಾ ಕೂತು ಹತ್ತಿ ಕಡ್ಡಿ ಹಾಕಿ ಒರೆಸ್ತಾ ಇದ್ದಾಗ, ಬಾಯಿ ಹತ್ರ ಒಂದೇ ಒಂದು ಮಗ್ಗುಲಲ್ಲಿ ಹತ್ತಿ ಎಳೆ ಕಿತ್ಕೊಂಡು ನಿಲ್ತಿತ್ತು. ಭೂತಗನ್ನಡಿ ತಂದು ನೋಡ್ದೆ. ಬ್ಯಾರೆಲ್ ತುಟಿ ಒಂದು ಕಡೆ ಗೆದ್ದಲು ತಿಂದ ಹಾಗೆ ಗುಳಿ ಗುಳಿ. ಗುಂಡು ಆಚೆ ಬರೋ ಕ್ಷಣದಲ್ಲಿ ಹಿಂದಿನ ಗ್ಯಾಸು ಸುತ್ತಲೂ ಒಂದೇ ಸಮ ಬಿಡುಗಡೆ ಆಗ್ಬೇಕು. ಇಲ್ಲಿ ಒಂದು ಮಗ್ಗುಲಿಂದ ಮೊದ್ಲೇ ನುಗ್ತಿದೆ, ಗುಂಡನ್ನ ಪಕ್ಕಕ್ಕೆ ತಳ್ತಿದೆ. ಬ್ಯಾರೆಲ್ ಒಳಗೆ ಎಷ್ಟು ಉಜ್ಜಿದ್ರೂ ಇದು ಹೋಗಲ್ಲ. ಆದ್ರೆ ಅದೊಂದೇ ಗನ್‌ಗೆ, ಅದೂ ಬಾಯಿಗೆ ಮಾತ್ರ ಹೇಗೆ ತುಕ್ಕು?

ಕೀಪರಣ್ಣನ್ನ ಕೇಳ್ದೆ, ಇದರ ಮೇಲೆ ಏನಾದ್ರೂ ಚೆಲ್ಲಿತ್ತಾ ಅಂತ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿದ್ರು. ಆಮೇಲೆ ಹೇಳಿದ್ರು. ಪ್ರತಿ ವರ್ಷ ಆಯುಧಪೂಜೆಗೆ ಎಲ್ಲಾ ಗನ್ ಸಾಲಾಗಿ ಇಡ್ತಾರಲ್ಲ, ಅತೀ ಹಳೇದು ಅಂತ ಕುಂಟನ್ನ ಮುಂದೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಬಾಯಿಗೆ ಇವರೇ ನಿಂಬೆಹಣ್ಣು ಚುಚ್ಚೋರು. ಹಬ್ಬ ಆದ್ಮೇಲೆ ಕ್ಲಬ್ ರಜ. ದೇವರಿಗೆ ಇಟ್ಟಿದ್ದನ್ನ ಬೇಗ ತೆಗೀಬಾರ್ದು ಅಂತ ಹಣ್ಣು ಒಣಗಿ ತಾನಾಗೇ ಬೀಳೋವರೆಗೂ ಬಿಡೋರು.

“ನಿಂಬೆಹಣ್ಣು ಹುಳಿ ಕಣಣ್ಣ, ಕಬ್ಬಿಣ ತಿಂದ್ಹಾಕಿದೆ” ಅಂದೆ.

“ದೇವ್ರಿಗೆ ಅಂತ ಇಟ್ಟಿದ್ದು ಕಣಪ್ಪಾ. ಇದು ಸೆಕ್ರೆಟರಿ ಕಿವಿಗೆ ಬಿದ್ರೆ ಬೀಗದ ಕೈ ಕಿತ್ಕೊಂಡು ಮನೆಗೆ ಕಳಿಸ್ತಾರೆ. ನಿಂಗೆ ಕೈ ಮುಗೀತೀನಿ, ಆಚೆ ಬಿಡ್ಬೇಡ.”

ನಮ್ಮಪ್ಪನ ವಯಸ್ಸಿನೋರು ಕೈ ಮುಗಿದ್ರೆ ಏನ್ ಹೇಳೋಕಾಗತ್ತೆ. ಬಿಡಿ ಅಣ್ಣ, ಇದು ನಿಮಗೆ ಗೊತ್ತು, ನಂಗೆ ಗೊತ್ತು, ಅಷ್ಟೇ ಅಂದೆ.

ಬಾಯಿ ಸರಿ ಮಾಡೋಕೆ ಬ್ಯಾರೆಲ್ ಕತ್ತರಿಸ್ಬೇಕಿಲ್ಲ, ಕತ್ತರಿಸೋದು ಕಾನೂನಿಗೂ ವಿರುದ್ಧ. ದುಂಡು ತಲೆ ಇರೋ ಹಿತ್ತಾಳೆ ಸ್ಕ್ರೂ ಒಂದನ್ನ ಕೈ ಡ್ರಿಲ್‌ಗೆ ಕಚ್ಚಿಸಿ, ತಲೆಗೆ ಪೇಸ್ಟ್ ಸವರಿ, ಬ್ಯಾರೆಲ್ ಬಾಯಿ ಮೇಲಿಟ್ಟು ಮೆಲ್ಲಗೆ ತಿರುಗಿಸ್ತಾ ಡ್ರಿಲ್‌ನ ಸುತ್ತಲೂ ವಾಲಾಡಿಸ್ಬೇಕು. ದುಂಡು ತಲೆ ತಾನೇ ಮಧ್ಯ ಹುಡುಕ್ಕೊಳ್ಳತ್ತೆ. ಕೂದಲೆಳೆಯಷ್ಟು ಸವೆದ್ರೆ ಸಾಕು. ಕೀಪರಣ್ಣ ಟಾರ್ಚ್ ಹಿಡ್ಕೊಂಡಿದ್ರು. ಗುಳಿ ಮಾಯ ಆಗಿ, ಸುತ್ತಲೂ ಒಂದೇ ಅಗಲದ ಹೊಳೆಯೋ ಉಂಗುರ ಬಂತು.

ಆಮೇಲೆ ಹೊಡೆದ ಕಾರ್ಡ್ ನನ್ನ ಹತ್ರ ಇಲ್ಲ, ಇದ್ದಿದ್ರೆ ಇಲ್ಲೇ ಅಂಟಿಸ್ತಿದ್ದೆ. ಸಿಲಿಂಡರ್ ಪೂರ್ತಿ ಹೊಡೆದ ಗುಂಡುಗಳು ಒಂದರ ಮೈಗೆ ಒಂದು ಅಂಟ್ಕೊಂಡು ಒಂದೇ ತೂತಿನ ಹಾಗೆ ಕಾಣ್ತಿತ್ತು. ಕೀಪರಣ್ಣ ನನ್ನ ತಲೆ ಹಿಡಿದು ಅಲ್ಲಾಡಿಸ್ಬಿಟ್ರು. ಸಖತ್ ಕಣೋ ಅಂದ್ರು. ಆವತ್ತಿಂದ ಟ್ರಯಲ್‌ಗೆ ಅಂತ ದಿನಾ ಹೋಗಿ ಕುಂಟನ ಜೊತೆ ಪ್ರಾಕ್ಟೀಸ್ ಮಾಡ್ದೆ.

ಈಗ ಕಾಯಿರಿ ಅಂದಿದ್ದು ಬರತ್ತೆ.

ವರ್ಷಕ್ಕೊಂದ್ಸಲ ಕ್ಲಬ್ಬಿನ ಗನ್‌ಗಳನ್ನ ನೋಡೋಕೆ ಸರ್ಕಾರದಿಂದ ಆಫೀಸರ್ ಬರ್ತಾರೆ. ಈ ಸಲ ಟ್ರಯಲ್‌ಗೆ ಮುಂಚೆ ಬಂದ್ರು. ಎಲ್ಲಾ ತಿರುಗಿಸಿ ನೋಡಿ, ಕುಂಟನ ಬಾಯಿ ನೋಡಿ ನಿಂತ್ರು. ಹಳೇ ಗನ್‌ಗೆ ಇದೇನು ಹೊಸ ಉಂಗುರ, ಬ್ಯಾರೆಲ್ ಕತ್ತರಿಸಿದ್ದೀರಾ, ಯಾರು ಮಾಡಿದ್ದು ಅಂತ ಕೇಳಿದ್ರು. ನಾನು ಬಾಗಿಲ ಹತ್ರಾನೇ ಇದ್ದೆ, ಹೇಳೋಕೆ ಒಂದು ಹೆಜ್ಜೆ ಮುಂದೆ ಬಂದೆ. ಸೆಕ್ರೆಟರಿ ಕೀಪರಣ್ಣನ ಕಡೆ ತಿರುಗಿ, ಏನ್ರೀ ಇದು ಅಂದ್ರು.

“ನಂಗೆ ಗೊತ್ತಿಲ್ಲ ಸಾರ್. ಬ್ಯಾರೆಲ್ ಕ್ಲೀನ್ ಮಾಡ್ತೀನಿ ಅಂದಿದ್ದ. ನಾನು ಊಟಕ್ಕೆ ಹೋಗಿದ್ದಾಗ ಏನೋ ಮಾಡಿದ್ದಾನೆ. ಹುಡುಗ ಬುದ್ಧಿ ಸಾರ್.”

ಸರಾಗವಾಗಿ ಬಂತು ಮಾತು. ನನ್ನ ಮುಖ ನೋಡಿ ಹೇಳಿದ್ರೆ ಇಷ್ಟು ನೋವಾಗ್ತಿತ್ತೋ ಇಲ್ವೋ. ಅವರು ಕೋವಿ ಸ್ಟ್ಯಾಂಡ್‌ನ ಧೂಳು ಒರೆಸ್ತಾ ಹೇಳಿದ್ರು. ಯಾವ ಊಟಕ್ಕೆ? ಊಟ ಇಬ್ರೂ ಅದೇ ರೂಮಲ್ಲಿ, ಒಂದೇ ಡಬ್ಬೀಲಿ ಮಾಡಿದ್ವಿ.

ಆಫೀಸರ್ ಬ್ಯಾರೆಲ್ ಉದ್ದ ಅಳೆದು ನೋಡಿದ್ರು, ಸರಿಯಾಗೇ ಇತ್ತು, ಅಷ್ಟಕ್ಕೇ ಬಿಟ್ರು. ಸೆಕ್ರೆಟರಿ ಬಿಡ್ಲಿಲ್ಲ. ಅವರು ಹಾಕಿದ್ದ ಮೊದಲ್ನೇ ಕಂಡೀಷನ್ನೇ ಕೀಪರ್ ಪಕ್ಕದಲ್ಲಿರ್ಬೇಕು ಅಂತ, ಅದನ್ನ ನಾನು ಮುರಿದ ಹಾಗಾಯ್ತು. ನಿಂಬೆಹಣ್ಣಿನ ವಿಷಯ ನನ್ನ ನಾಲಿಗೆ ತುದೀಲಿತ್ತು. ಒಂದೇ ಒಂದು ಮಾತು ಸಾಕಿತ್ತು. ಅವರೂ ಪಕ್ಕದಲ್ಲಿದ್ರು ಅಂತ ಅಷ್ಟೇ ಹೇಳಿದ್ರೂ, ಬಾಯಿ ಯಾಕೆ ಮುಟ್ಟಿದ್ರಿ ಅನ್ನೋ ಪ್ರಶ್ನೆ ಬಂದು ಅದೂ ಆಚೆ ಬೀಳೋದು. ಕೀಪರಣ್ಣನ ಕಡೆ ನೋಡ್ದೆ, ತಲೆ ಎತ್ತಿದ್ರೆ ಅವರೇ ಹೇಳ್ತಾರೆ ಅಂತ. ಎತ್ಲಿಲ್ಲ. ಕೊಟ್ಟ ಮಾತು ನಾನು ಮುರೀಲಿಲ್ಲ. ಅದು ಒಳ್ಳೇತನ ಅಂತ ನಾನೇನೂ ಹೇಳ್ತಿಲ್ಲ.

ಆರ್ಮರಿಗೆ ಕಾಲಿಡ್ಬೇಡ, ಟ್ರಯಲ್‌ಗೆ ಕುಂಟ ನಿಂಗಿಲ್ಲ ಅಂದ್ರು ಸೆಕ್ರೆಟರಿ. ನಾನು ಸೈಕಲ್ ತಗೊಂಡು ಬಂದೆ.

ಆಮೇಲೆ ಒಂದಿನ ಜಯನಗರ ಕಾಂಪ್ಲೆಕ್ಸ್ ಹತ್ರ ಕ್ಲಬ್ಬಿನ ಸೀನಿಯರ್ ಒಬ್ರು ಸಿಕ್ಕಿದ್ರು. ಆ ಹಳೇ ರಿವಾಲ್ವರ್ ಈಗ ಎಂಥಾ ಹೊಡೆತ ಮಾರಾಯಾ, ಒಳ್ಳೇದನ್ನ ಬಿಟ್ಟು ಎಲ್ರೂ ಅದನ್ನೇ ಕೇಳ್ತಾರೆ ಅಂದ್ರು. ಸೆಕ್ರೆಟರಿ ಕಾರ್ಡ್ ಹಿಡ್ಕೊಂಡು ಎಲ್ರಿಗೂ ತೋರಿಸ್ತಿದ್ದಾರಂತೆ. ಬ್ಯಾರೆಲ್ ಉಜ್ಜಿದ್ದು ಯಾರು ಗೊತ್ತಾ, ನಮ್ಮ ಕೀಪರಣ್ಣ, ಯಾರೋ ಹುಡುಗ ಕೆಡಿಸಿಟ್ಟಿದ್ದನ್ನ ಕೂತು ಸರಿ ಮಾಡಿದ್ರಂತೆ, ಹಳೇ ಕೈ ಅಂದ್ರೆ ಹಳೇ ಕೈ ಅಂದ್ರು. ಹೌದಾ ಸಾರ್ ಅಂದೆ. ಬೈಸ್ಕೊಳ್ಳೋವಾಗ ರೂಮಲ್ಲೇ ಇರ್ಲಿಲ್ಲ, ಹೊಗಳಿಸ್ಕೊಳ್ಳೋವಾಗ ಉಜ್ಜಿದ್ದೇ ಅವ್ರು.

ಟ್ರಯಲ್ ಇನ್ನೇನು ಬಂತು ಅನ್ನೋವಾಗ ಸಂಜೆ ಹೊತ್ತು ಮನೆ ಗೇಟ್ ಸದ್ದಾಯ್ತು. ಕೀಪರಣ್ಣ. ಅಮ್ಮನಿಗೆ ಇದೇನೂ ಗೊತ್ತಿಲ್ಲ, ಬನ್ನಿ ಬನ್ನಿ ಅಂತ ಕೂರ್ಸಿ ಕಾಫಿ ಕೊಟ್ರು. ಮನೆ ಚೆನ್ನಾಗಿದೆ, ಬಾವೀಲಿ ನೀರಿದ್ಯಾ ಅಂತೆಲ್ಲಾ ಕೇಳಿದ್ರು. ಅಮ್ಮ ಒಳಗೆ ಹೋದ್ಮೇಲೆ ವಿಷಯಕ್ಕೆ ಬಂದ್ರು. ಕ್ಷಮಿಸು ಅಂತಾರೇನೋ ಅಂತ ನಾನು ಕಾಯ್ತಿದ್ದೆ. ಕಾಫಿ ಲೋಟ ನೋಡ್ಕೊಂಡು, ಒಳ್ಳೇ ರಿವಾಲ್ವರ್‌ನೂ ಹಾಗೇ ನುಣುಪು ಮಾಡು ಅಂತ ಸೆಕ್ರೆಟರಿ ಹೇಳಿದ್ದಾರೆ, ಸೀಸ ಹೊಯ್ದೆ, ಕಡ್ಡಿ ಅಲ್ಲಾಡ್ತಾ ಇಲ್ಲ ಕಣಪ್ಪಾ ಅಂದ್ರು.

ಎಣ್ಣೆ ಸವರಿದ್ರಾ ಅಂತ ಕೇಳ್ದೆ. ಇಲ್ಲ. ಒಣ ಬ್ಯಾರೆಲ್‌ಗೇ ಹೊಯ್ದಿದ್ದಾರೆ, ಅದೂ ದಾರ ಸರಿಯಾಗಿ ಸುತ್ತದೇ. ಸೀಸ ಕೆಳಗೆ ಸೋರಿ ಅರ್ಧ ಬ್ಯಾರೆಲ್ ತುಂಬಿ ಕಚ್ಕೊಂಡಿದೆ. ಬಡಿದಿದ್ದಾರೆ, ಕಡ್ಡಿ ಒಳಗೇ ಮುರಿದಿದೆ. ಟ್ರಯಲ್‌ಗೆ ಎರಡೂ ಗನ್ ಬೇಕು, ಸೆಕ್ರೆಟರಿ ದಿನಾ ಕೇಳ್ತಿದ್ದಾರೆ.

“ನೀನೊಂದ್ಸಲ ಬಾರಪ್ಪಾ. ಸೆಕ್ರೆಟರಿ ಇಲ್ದಿರೋವಾಗ ಬಂದು ತೆಗೆದ್ಕೊಡು. ಯಾರಿಗೂ ಗೊತ್ತಾಗಲ್ಲ.”

ತೆಗೆಯೋದು ಹೇಗೆ ಅಂತ ನಂಗೆ ಗೊತ್ತಿತ್ತು. ಬ್ಯಾರೆಲ್ ಕೆಡದ ಹಾಗೆ ಬಿಸಿ ಮಾಡಿ ಸೀಸ ಕರಗಿಸಿ ಇಳಿಸ್ಬಹುದು. ನನ್ನ ಕೈ ಆಗ್ಲೇ ತುರಿಸ್ತಿತ್ತು, ಸುಳ್ಳು ಹೇಳಲ್ಲ. ಕೆಟ್ಟಿರೋ ಬ್ಯಾರೆಲ್ ಅಂದ್ರೆ ನನಗೆ ಊಟ ಸೇರಲ್ಲ.

“ಈಗ್ಲೇ ಬರ್ತೀನಿ ಅಣ್ಣ. ಇಲ್ಲಿಂದ ಮೊದ್ಲು ಸೆಕ್ರೆಟರಿ ಮನೆಗೆ ಹೋಗೋಣ. ಕುಂಟನ್ನ ಉಜ್ಜಿದ್ದು ಇವ್ನೇ, ನಾನು ಪಕ್ಕದಲ್ಲೇ ಇದ್ದೆ ಅಂತ ಅವರ ಮುಂದೆ ಹೇಳಿ. ನಿಂಬೆಹಣ್ಣಿನ ವಿಷಯ ಎತ್ಬೇಡಿ, ನಾನೂ ಎತ್ತಲ್ಲ. ಇಷ್ಟು ಹೇಳಿ ಸಾಕು.”

ಅವರು ಚಪ್ಪಲಿ ಕಡೆ ನೋಡಿದ್ರು.

“ನಿಂಗೇನಪ್ಪಾ, ಓದಿದ್ದೀಯ, ನಾಳೆ ಎಲ್ಲೋ ಕೆಲಸಕ್ಕೆ ಹೋಗ್ತೀಯ. ಈ ವಯಸ್ನಲ್ಲಿ ಜನ ಮೊದಲ್ನೇ ಸಲ ನನ್ನ ಕೈನ ಕೈ ಅಂತಿದ್ದಾರೆ. ಅದನ್ನ ಬಿಟ್ಕೊಡು ಅಂತ ಕೇಳ್ಬೇಡ.”

ನಂಗೆ ಅಯ್ಯೋ ಅನ್ನಿಸ್ಲಿಲ್ಲ ಅಂದ್ರೆ ಸುಳ್ಳಾಗತ್ತೆ. ಆದ್ರೂ ಎದ್ದು ಚಪ್ಪಲಿ ಹಾಕ್ಕೊಳ್ಳೋಕೆ ಆಗ್ಲಿಲ್ಲ. ಅವರು ಕಾಫಿ ಪೂರ್ತಿ ಕುಡಿದು, ಅಮ್ಮನಿಗೆ ಬರ್ತೀನಿ ತಾಯಿ ಅಂತ ಹೇಳಿ ಹೊರಟ್ರು. ಗೇಟಿನವರೆಗೂ ಹೋಗಿ ಒಂದು ಮಾತು ಮಾತ್ರ ಹೇಳ್ದೆ. ಅದನ್ನ ಇನ್ನು ಬಡೀಬೇಡಿ, ಬ್ಯಾರೆಲ್ ಕಟ್ಟಿದೆ ಅಂತ ಚೀಟಿ ಕಟ್ಟಿ ಒಳಗಿಟ್ಟು ಬೀಗ ಹಾಕಿ, ಗೊತ್ತಿಲ್ಲದೇ ಯಾರಾದ್ರೂ ಗುಂಡು ಹಾಕಿ ಹೊಡೆದ್ರೆ ಬ್ಯಾರೆಲ್ ಕೈಯಲ್ಲೇ ಸಿಡಿಯತ್ತೆ ಅಂತ. ಹೂಂ ಅಂದ್ರು.

ಟ್ರಯಲ್ ಆಯ್ತು. ಒಂದೇ ರಿವಾಲ್ವರ್ ಇತ್ತು, ಕುಂಟ. ಎಲ್ರೂ ಅದನ್ನೇ ಸರದಿ ಮೇಲೆ ಹೊಡೆದ್ರಂತೆ, ನಮ್ಮ ಕ್ಲಬ್ಬಿಂದ ಒಬ್ರು ತಂಡಕ್ಕೆ ಆಯ್ಕೆನೂ ಆದ್ರಂತೆ. ನಾನು ಹೋಗ್ಲಿಲ್ಲ. ಇನ್ನೊಂದು ರಿವಾಲ್ವರ್ ಇವತ್ತಿಗೂ ಆರ್ಮರೀಲಿ ಸೀಸ ಕಚ್ಕೊಂಡೇ ಇದೆಯಂತೆ. ರಿಪೇರೀಲಿದೆ ಅಂತ ಕೀಪರಣ್ಣ ಹೇಳ್ತಿದ್ದಾರಂತೆ. ಒಂದೆರಡು ಗಂಟೆ ಕೆಲಸ ಅದು. ಈಗ್ಲೂ ಒಂದೊಂದ್ಸಲ ಸೈಕಲ್ ಹತ್ತಿ ಕ್ಲಬ್ ದಾರೀಲಿ ಜೆ.ಪಿ. ನಗರದವರೆಗೂ ಹೋಗಿ ವಾಪಸ್ ಬಂದಿದ್ದೀನಿ.

ಬ್ಯಾರೆಲ್ ಉಜ್ಜಿದವರು ನಿಮ್ಮಲ್ಲಿ ಇದ್ರೆ ಯಾವ ಪೇಸ್ಟ್ ಹಾಕಿದ್ರಿ, ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ಬರೀರಿ, ನಂಗೆ ಕಲಿಯೋಕೆ ಬಹಳ ಇದೆ. ನಿಮ್ಮ ಕೈ ಕೆಲಸದ ಮೇಲೆ ಇನ್ನೊಬ್ರ ಹೆಸರು ಕೂತಿದ್ರೆ ಅದನ್ನೂ ಬರೀರಿ. ಆಮೇಲೆ ಅವರೇ ಬಂದು ಕರೆದಾಗ ನೀವು ಹೋದ್ರಾ? ಹೋದೋರು ಬರೀರಿ. ಹೋಗದೇ ಇದ್ದೋರು ತಪ್ಪದೇ ಬರೀರಿ.